ಕಿವಿಗೆ ಬೀಳದ ಉಗ್ಗು

ಮೂರು ವರ್ಷದ ಮೊಮ್ಮಗ ಇದ್ದಕ್ಕಿದ್ದಂತೆ 'ಬ-ಬ-ಬ-ಬಸ್ಸು' ಎನ್ನತೊಡಗಿದರೆ ಬೆಂಗಳೂರಿನ ರಾಜಾಜಿನಗರದ ಅಜ್ಜಿಯೂ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ. 'ದೊಡ್ಡವನಾದ್ರೆ ತಾನೇ ಸರಿಹೋಗುತ್ತೆ' ಎನ್ನುತ್ತಾರೆ. ಬಜೆಯ ಮಾತು ಬಿಡಿ, ಎರಡನೆಯದರಲ್ಲಿ ಅಜ್ಜಿ ಬಹುಮಟ್ಟಿಗೆ ಸರಿ. ಉಗ್ಗು ಸಾಮಾನ್ಯವಾಗಿ ಶುರುವಾಗುವುದು 2ರಿಂದ 5 ವರ್ಷದೊಳಗೆ. ಅಂಥ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಅದು ತಾನಾಗಿಯೇ ಹೋಗುತ್ತದೆ. ಉಳಿಯುವ ಕಾಲು ಪಾಲು ಯಾರೆಂದು ಮೊದಲೇ ಹೇಳುವುದು ಕಷ್ಟ. ಅದಕ್ಕೇ ವಾಕ್ ಚಿಕಿತ್ಸಕರು ಮೊದಲು ಮನೆಯವರನ್ನು ವಿಚಾರಿಸುತ್ತಾರೆ: ವಂಶದಲ್ಲಿ ಯಾರಿಗಾದರೂ ಉಗ್ಗು ಉಳಿದಿದೆಯೇ, ಶುರುವಾಗಿ ವರ್ಷ ಕಳೆಯಿತೇ? ಹೆಣ್ಣುಮಕ್ಕಳು ಹೆಚ್ಚಾಗಿ ಸುಧಾರಿಸಿಕೊಳ್ಳುತ್ತಾರೆ. ಉಗ್ಗುವ ದೊಡ್ಡವರಲ್ಲಿ ಒಬ್ಬ ಹೆಂಗಸಿಗೆ ಸುಮಾರು 4 ಗಂಡಸರು.

ಆಮೇಲೆ ಎಣಿಕೆ. ಆಟದ ಸಾಮಾನು ಹರಡಿ, ಮಗುವನ್ನು ಮಾತಿಗೆಳೆದು, ರೆಕಾರ್ಡ್ ಮಾಡಿಕೊಂಡು, 100 ಅಕ್ಷರಕ್ಕೆ ಎಷ್ಟು ಕಡೆ ಮಾತು ತಡೆಯಿತೆಂದು ಲೆಕ್ಕ ಹಾಕುತ್ತಾರೆ. ಕನ್ನಡದಲ್ಲಿ ಪದ ಎಣಿಸಿದರೆ ಲೆಕ್ಕ ಕೆಡುತ್ತದೆ: 'ಬಸವೇಶ್ವರನಗರದಲ್ಲಿ' ಒಂದೇ ಪದ, ಅಕ್ಷರ 10. 'ಅಮ್ಮ ಅಮ್ಮ, ನಂಗೆ ನಂಗೆ' ಎಂದು ಇಡೀ ಪದ ಮರುಕಳಿಸಿದರೆ ಚಿಂತೆಯಿಲ್ಲ, ಮಾತು ಕಲಿಯುವ ಮಕ್ಕಳೆಲ್ಲ ಹಾಗೇ. ಮೊದಲಕ್ಷರವೇ ಮತ್ತೆ ಮತ್ತೆ ಬಂದರೆ, 'ಸ್‌ಸ್‌ಸ್ಕೂಲು' ಎಂದು ಎಳೆದರೆ, ಬಾಯಿ ತೆರೆದೂ ದನಿ ಹೊರಡದಿದ್ದರೆ ಅದು ಲೆಕ್ಕಕ್ಕೆ ಸೇರುತ್ತದೆ. ಅಮೆರಿಕದ ಗ್ಲಿಂಡನ್ ರೈಲಿ 1972ರಲ್ಲಿ ಪ್ರಕಟಿಸಿದ ಅಳತೆಗೋಲು ಪರಿಷ್ಕಾರಗೊಳ್ಳುತ್ತ ಈಗಲೂ ಬಳಕೆಯಲ್ಲಿದೆ. ತಡೆಗಳ ಸಂಖ್ಯೆಯ ಜೊತೆಗೆ ಅದು ಅತಿ ದೀರ್ಘವಾದ 3 ತಡೆಗಳ ಸರಾಸರಿ ಅವಧಿಯನ್ನೂ, ಕಣ್ಣು ಮಿಟುಕಿಸುವುದು, ದವಡೆ ಬಿಗಿಯುವುದು ಮುಂತಾದ ಒದ್ದಾಟವನ್ನೂ ಅಂಕಕ್ಕೆ ತೆಗೆದುಕೊಳ್ಳುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಆದರೆ ಎರಡರಲ್ಲೂ ಎಣಿಸುವುದು ಒಳ್ಳೆಯದು. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ತಪಾಸಣೆಗೆ ಹೆಸರಾದದ್ದು.

ದೊಡ್ಡವರ ವಿಷಯದಲ್ಲಿ ಈ ಎಣಿಕೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ವಿಜಯನಗರದಲ್ಲಿ ಬಸ್ ಹತ್ತಿದ ಯುವಕನೊಬ್ಬನಿಗೆ 'ಬ' ಹೊರಡುವುದಿಲ್ಲ ಎಂದುಕೊಳ್ಳಿ. ಬಸವೇಶ್ವರನಗರ ಎನ್ನುವ ಬದಲು ಕಂಡಕ್ಟರಿಗೆ 'ಹಾವನೂರು ಸರ್ಕಲ್' ಎಂದು ಸಲೀಸಾಗಿ ಹೇಳಿ, ಅಲ್ಲಿಂದ ಮನೆಗೆ ನಡೆಯುತ್ತಾನೆ. ಅವನ ಮಾತಿನಲ್ಲಿ ತಡೆ ಸೊನ್ನೆ. ಅದಕ್ಕೇ ಚಿಕಿತ್ಸಕರು ಯಾವ ಅಕ್ಷರ, ಯಾವ ಜಾಗ, ಯಾವ ಜನರನ್ನು ತಪ್ಪಿಸಿಕೊಳ್ಳುತ್ತೀರಿ ಎಂದು ಕೇಳುತ್ತಾರೆ. ಪುಟವೊಂದನ್ನು ಗಟ್ಟಿಯಾಗಿ ಓದಿಸುತ್ತಾರೆ. ಅಚ್ಚಾದ ಪದವನ್ನು ಬದಲಿಸಲಾಗದಲ್ಲ. ಅದೇ ಪುಟವನ್ನು ಮತ್ತೆ ಮತ್ತೆ ಓದಿದರೆ ಉಗ್ಗು ಕಡಿಮೆಯಾಗುತ್ತ ಹೋಗುವುದರಿಂದ ಮೊದಲ ಓದಿಗೇ ಬೆಲೆ. ಕೆಲವರು ಫೋನ್ ಕೈಗಿತ್ತು ಗ್ಯಾಸ್ ಏಜೆನ್ಸಿಗೋ ಬ್ಯಾಂಕಿಗೋ ಕರೆ ಮಾಡಿಸುತ್ತಾರೆ. ಆ ಕಡೆಯವರು ಮೊದಲು ಕೇಳುವುದೇ ಹೆಸರು, ಅದಕ್ಕೆ ಬದಲಿ ಪದವಿಲ್ಲ.