ಆಟ ಮುಗಿದ ಮೇಲೆ: ಕ್ರೀಡಾ ಇತಿಹಾಸ ಬರೆಯುವವರ ಕೆಲಸ

ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಕಬಡ್ಡಿ ಪಂದ್ಯ ನಡೆದರೆ ಮರುದಿನದ ಪತ್ರಿಕೆಯಲ್ಲಿ ಅದಕ್ಕೆ ಸಿಗುವುದು ನಾಲ್ಕೈದು ಸಾಲು. ಮದ್ದೂರು, ಮಳವಳ್ಳಿ ಕಡೆಯ ಜಾತ್ರೆಯ ಕುಸ್ತಿಗೆ ಅಷ್ಟೂ ಸಿಗದಿರಬಹುದು. ಗೆದ್ದವರು ಯಾರು, ಅಂಕ ಎಷ್ಟು ಎಂಬುದಷ್ಟೇ ಅಲ್ಲಿರುತ್ತದೆ. ಆ ಆಟಗಾರ ಯಾವ ಮನೆಯಿಂದ ಬಂದ, ಯಾರ ಬಳಿ ಕಲಿತ, ಅವನಿಗೆ ಯಾವ ಅಡ್ಡಿಗಳಿದ್ದವು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿರುವುದಿಲ್ಲ. ವರದಿಗಾರನ ಕೆಲಸ ಆ ದಿನದ ಆಟಕ್ಕೆ ಮುಗಿಯುತ್ತದೆ. ಕ್ರೀಡಾ ಇತಿಹಾಸಕಾರನ ಕೆಲಸ ಆರಂಭವಾಗುವುದೇ ಅಲ್ಲಿಂದ.

ಅಮೆರಿಕದ ಒಂದು ಉದಾಹರಣೆ

ಅಮೆರಿಕದಲ್ಲಿ ಕ್ರೀಡಾ ಇತಿಹಾಸದ ಪುಸ್ತಕಗಳನ್ನು ಬರೆಯುವುದೇ ಒಂದು ವೃತ್ತಿಯಾಗಿ ಬೆಳೆದಿದೆ. ರೋಜರ್ ಕಾನ್ ಎಂಬ ಪತ್ರಕರ್ತರು 1952 ಮತ್ತು 1953ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಬೇಸ್‌ಬಾಲ್ ತಂಡದ ಪಂದ್ಯಗಳನ್ನು ವರದಿ ಮಾಡುತ್ತಿದ್ದರು. ಕರಿಯರನ್ನು ದೊಡ್ಡ ಲೀಗಿನಿಂದ ದೂರವಿಟ್ಟಿದ್ದ ಬೇಲಿಯನ್ನು 1947ರಲ್ಲಿ ದಾಟಿದ ಜಾಕಿ ರಾಬಿನ್ಸನ್ ಇದೇ ತಂಡದವರು. ವರ್ಷಗಳ ನಂತರ ಕಾನ್ ಆ ಹಳೆಯ ಆಟಗಾರರನ್ನು ಹುಡುಕಿಕೊಂಡು ಹೋಗಿ ಮಾತನಾಡಿಸಿದರು. 1972ರಲ್ಲಿ 'ದಿ ಬಾಯ್ಸ್ ಆಫ್ ಸಮ್ಮರ್' ಪ್ರಕಟವಾಯಿತು. ಆಟದ ಜೊತೆಗೆ ವರ್ಣಭೇದ, ವಯಸ್ಸು, ನಿವೃತ್ತಿಯ ನಂತರದ ಬದುಕು ಎಲ್ಲವೂ ಅದರಲ್ಲಿ ಸೇರಿಕೊಂಡವು.

ಬೆಂಗಳೂರಿನ ಇತಿಹಾಸಕಾರ

ನಮ್ಮಲ್ಲಿ ಇಂಥ ಕೆಲಸಕ್ಕೆ ಹೆಸರಾದವರು ಬೆಂಗಳೂರಿನಲ್ಲಿ ನೆಲೆಸಿರುವ ರಾಮಚಂದ್ರ ಗುಹಾ. 1958ರಲ್ಲಿ ಡೆಹ್ರಾಡೂನ್‌ನಲ್ಲಿ ಜನಿಸಿದ ಇವರು ಮೊದಲು ಅಧ್ಯಯನ ಮಾಡಿದ್ದು ಹಿಮಾಲಯದ ಕಾಡುಗಳು ಮತ್ತು ಚಿಪ್ಕೋ ಚಳವಳಿಯನ್ನು. ಕ್ರಿಕೆಟ್ ಕುರಿತ 'ವಿಕೆಟ್ಸ್ ಇನ್ ದಿ ಈಸ್ಟ್' 1992ರಲ್ಲಿ, 'ಸ್ಪಿನ್ ಅಂಡ್ ಅದರ್ ಟರ್ನ್ಸ್' 1994ರಲ್ಲಿ ಬಂದವು. 2002ರ 'ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್' ಗ್ರಂಥದಲ್ಲಿ ಅವರು ಕ್ರಿಕೆಟ್ಟನ್ನು ಜಾತಿ, ಧರ್ಮ ಮತ್ತು ಸ್ವಾತಂತ್ರ್ಯ ಹೋರಾಟದ ಹಿನ್ನೆಲೆಯಲ್ಲಿಟ್ಟು ನೋಡಿದರು.

ಧಾರವಾಡದ ಬಾಲೂ

ಈ ಗ್ರಂಥದಿಂದ ಹೊಸ ತಲೆಮಾರಿಗೆ ಮತ್ತೆ ಪರಿಚಯವಾದವರು ಪಲ್ವಂಕರ್ ಬಾಲೂ. ಧಾರವಾಡದಲ್ಲಿ ದಲಿತ ಕುಟುಂಬದಲ್ಲಿ ಹುಟ್ಟಿದ ಬಾಲೂ ಪುಣೆಯ ಆಂಗ್ಲರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳಕ್ಕೆ ಮೈದಾನದ ಕೆಲಸ ಮಾಡುತ್ತಿದ್ದರು. ಅಭ್ಯಾಸಕ್ಕೆ ಬರುತ್ತಿದ್ದ ಸಾಹೇಬರಿಗೆ ಚೆಂಡೆಸೆಯುತ್ತ ಅಪ್ರತಿಮ ಎಡಗೈ ಸ್ಪಿನ್ ಬೌಲರ್ ಆದರು. ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಿತ್ತು. ಆದರೆ ಚಹಾ ವಿರಾಮದಲ್ಲಿ ಅವರಿಗೆ ಮಾತ್ರ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ ಚಹಾ.

1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿದಾಗ ಬಾಲೂ ತಂಡದಲ್ಲಿದ್ದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. ಆದರೂ ನಾಯಕತ್ವ ಅವರಿಗೆ ಸಿಗಲಿಲ್ಲ. ಆ ಗೌರವ 1923ರಲ್ಲಿ ಅವರ ತಮ್ಮ ವಿಠ್ಠಲ್ ಅವರಿಗೆ ದೊರೆಯಿತು.

ಅಂಕಪಟ್ಟಿಯಲ್ಲಿ ವಿಕೆಟ್‌ಗಳ ಲೆಕ್ಕ ಸಿಗುತ್ತದೆ, ಮಣ್ಣಿನ ಲೋಟದ ಸುದ್ದಿ ಸಿಗುವುದಿಲ್ಲ. ಅದನ್ನು ಹುಡುಕಿ ಬರೆಯುವವನೇ ಇತಿಹಾಸಕಾರ. ಗುಹಾ ಅವರಿಗೆ ನೆರವಾದದ್ದು ಹಳೆಯ ಪತ್ರಿಕೆಗಳು ಮಾತ್ರವಲ್ಲ, ವಿಠ್ಠಲ್ ಮರಾಠಿಯಲ್ಲಿ ಬರೆದ ಆತ್ಮಕಥೆ ಕೂಡ. ದೇಶಭಾಷೆಯಲ್ಲಿ ಬರೆದಿಟ್ಟ ಒಂದು ಪುಸ್ತಕ ಎಷ್ಟು ದೂರ ಬೆಳಕು ಚೆಲ್ಲುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ನಿಮ್ಮ ಊರಿನಲ್ಲಿ ಆರಂಭಿಸುವುದು ಹೇಗೆ?

ಇದಕ್ಕೆ ದೊಡ್ಡ ಗ್ರಂಥಾಲಯವೇ ಬೇಕೆಂದಿಲ್ಲ. ನಿಮ್ಮ ಶಾಲೆಯ ಗಾಜಿನ ಕಪಾಟಿನಲ್ಲಿರುವ ಪಾರಿತೋಷಕಗಳ ಮೇಲಿನ ಹೆಸರು ಮತ್ತು ವರ್ಷಗಳನ್ನು ಬರೆದುಕೊಳ್ಳಿ. ಊರಿನ ಗರಡಿಮನೆಯ ಹಿರಿಯ ಪೈಲ್ವಾನರನ್ನು ಕಂಡು, ಮೈಸೂರಿನ ದಸರಾ ಕುಸ್ತಿಗೆ ಯಾರು ಯಾರು ಹೋಗುತ್ತಿದ್ದರೆಂದು ಕೇಳಿ. ಅವರು ಹೇಳಿದ್ದನ್ನು ಇನ್ನೊಬ್ಬರ ಮಾತಿನೊಂದಿಗೆ, ಸಾಧ್ಯವಾದರೆ ಹಳೆಯ ಪತ್ರಿಕೆಯೊಂದಿಗೆ ತಾಳೆ ನೋಡಿ. 'ಪ್ರಜಾವಾಣಿ' ಆರಂಭವಾದದ್ದು 1948ರಲ್ಲಿ. ಅದರ ಹಳೆಯ ಸಂಚಿಕೆಗಳು ಉಪಯುಕ್ತ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕಿಂತ ಹಿಂದಿನ ಸಂಗತಿಗಳಿಗೆ ಮೈಸೂರು ಜಿಲ್ಲೆಯ ದಾಖಲೆಗಳನ್ನೇ ನೋಡಬೇಕು ಎಂಬುದನ್ನು ಮರೆಯಬೇಡಿ.

ಗೆದ್ದವರನ್ನು ಮಾತ್ರ ಕೇಳಿದರೆ ಇತಿಹಾಸ ಅರ್ಧವಾಗುತ್ತದೆ. ಅಖಾಡಕ್ಕೆ ಯಾರನ್ನು ಬಿಡುತ್ತಿರಲಿಲ್ಲ? ಚೆನ್ನಾಗಿ ಓಡುತ್ತಿದ್ದ ಹೆಣ್ಣುಮಕ್ಕಳು ಶಾಲೆ ಬಿಟ್ಟ ಮೇಲೆ ಏನಾದರು? ಇಂಥ ಪ್ರಶ್ನೆ ಕೇಳಿದವರು ಕಡಿಮೆ. ಉತ್ತರ ಬಲ್ಲ ಹಿರಿಯರಿಗೆ ವಯಸ್ಸಾಗುತ್ತಿದೆ. ಅವರೊಂದಿಗೆ ಆ ನೆನಪುಗಳೂ ಹೋಗಿಬಿಟ್ಟರೆ ಮುಂದೆ ಯಾವ ಪಂಡಿತನೂ ಅವನ್ನು ಮರಳಿ ತರಲಾರ. ಒಂದು ನೋಟ್‌ಬುಕ್ ಹಿಡಿದ ವಿದ್ಯಾರ್ಥಿ ಇಂದು ಅದನ್ನು ಉಳಿಸಬಲ್ಲ.

ಚರ್ಚೆಗೆ

1. ಕ್ರೀಡಾ ವರದಿಗೂ ಕ್ರೀಡಾ ಇತಿಹಾಸಕ್ಕೂ ಇರುವ ವ್ಯತ್ಯಾಸವೇನು?
2. ಬಾಲೂ ಮತ್ತು ಜಾಕಿ ರಾಬಿನ್ಸನ್ ಎದುರಿಸಿದ ಅಡ್ಡಿಗಳನ್ನು ಹೋಲಿಸಿ.
3. ನಿಮ್ಮ ಊರಿನ ಒಬ್ಬ ಹಳೆಯ ಆಟಗಾರ ಅಥವಾ ಆಟಗಾರ್ತಿಯನ್ನು ಮಾತನಾಡಿಸಿ ಒಂದು ಪುಟ ಬರೆಯಿರಿ.