ಹಳೆಯ ಕಾರಿನ ನಾಡಿ

ಮುದಿ ಎತ್ತನ್ನು ಮಾರುವ ಮಾತು ಬಂದಾಗ ಒಕ್ಕಲು ಮನೆಯ ಹಿರಿಯರು ತಲೆ ತಗ್ಗಿಸಿ ಕುಳಿತುಬಿಡುವುದನ್ನು ಬಾಲ್ಯದಲ್ಲಿ ಕಂಡಿದ್ದೇನೆ. ಮೋಟಾರು ಕಾರಿನ ವಿಷಯದಲ್ಲಿಯೂ ಅದೇ ಮೌನವನ್ನು ಕಾಣುವೆನೆಂದು ತಿಳಿದಿರಲಿಲ್ಲ. 2023ರ ಬೇಸಿಗೆಯಲ್ಲಿ, ಮಂಡ್ಯ ತಾಲ್ಲೂಕಿನ ಕೊತ್ತತ್ತಿಯಲ್ಲಿರುವ ಚಿಕ್ಕಪ್ಪನವರ ಮನೆಯಲ್ಲಿ ಅದನ್ನೂ ಕಂಡೆ.

ಕಾರು 1988ರ ಅಂಬಾಸಿಡರ್. ಕಬ್ಬಿನ ಹಣ ಕೈಸೇರಿದ ವರ್ಷ ಕೊಂಡದ್ದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಈ ವಾಹನದ ಜನನ ಐವತ್ತರ ದಶಕದ ಕೊನೆಯಲ್ಲಿ. ತಯಾರಿಕೆ ನಿಂತದ್ದು 2014ರಲ್ಲಿ.

ಮೈಸೂರಿನಿಂದ ಹೋದ ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಹದಿನೈದು ವರ್ಷ ತುಂಬಿದ ಖಾಸಗಿ ಕಾರು ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ನಿಂತು ನೋಂದಣಿಯನ್ನು ನವೀಕರಿಸಿಕೊಳ್ಳಬೇಕು. 600 ರೂಪಾಯಿಯಿದ್ದ ಅದರ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿತ್ತು. (ಇಪ್ಪತ್ತು ವರ್ಷ ದಾಟಿದವಕ್ಕೆ 2025ರಲ್ಲಿ 10,000 ಆಯಿತು, ಮುಪ್ಪಿಗೆ ಸರ್ಕಾರವೂ ಬೆಲೆ ಕಟ್ಟುತ್ತದೆ!) ರಿಪೇರಿಯ ಖರ್ಚು ಕಾರಿನ ಬೆಲೆಯನ್ನೇ ಮೀರುತ್ತದೆ, ಮಾರಿಬಿಡಿ ಎಂದೆ.

"ಲೋ ಮಗ, ನೀನು ಕಾರಿನ ಬೆಲೆ ಹೇಳ್ತಾ ಇದೀಯ. ನಿಮ್ಮ ಚಿಕ್ಕವ್ವ ಹತ್ತೋ ಕಾರಿನ ಬೆಲೆ ಹೇಳು" ಎಂದರು ಚಿಕ್ಕಪ್ಪ.

ಚಿಕ್ಕವ್ವನಿಗೆ ಮಂಡಿಗಳು ಬಗ್ಗವು. ವಾರಕ್ಕೊಮ್ಮೆ ಮಂಡ್ಯದ ಆಸ್ಪತ್ರೆಗೆ ಹೋಗಬೇಕು. ಬಸ್ಸಿನ ಮೆಟ್ಟಿಲು ಹತ್ತಲಾರರು. ತಗ್ಗಾದ ನನ್ನ ಹೊಸ ಕಾರಿನಲ್ಲಿ ಕುಳಿತರೆ ಏಳಲಾರರು. ಅಂಬಾಸಿಡರಿನ ಎತ್ತರದ ಸೀಟಿಗಾದರೆ ಬೆನ್ನು ಕೊಟ್ಟು ಕುಳಿತು, ಕಾಲುಗಳನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಳ್ಳುತ್ತಾರೆ. ನನ್ನ ಕಾಗದದಲ್ಲಿ ಇದಕ್ಕೆ ಅಂಕಣವಿರಲಿಲ್ಲ.

ಮಂಡ್ಯದಿಂದ ಬಂದ ಮೇಸ್ತ್ರಿ ಮೊದಲು ಹೊಗೆ ನೋಡಿದ: ನೀಲಿ, ಅಂದರೆ ಎಣ್ಣೆ ಉರಿಯುತ್ತಿದೆ. ಪ್ಲಗ್ಗುಗಳನ್ನು ಬಿಚ್ಚಿ ನಾಲ್ಕು ಸಿಲಿಂಡರುಗಳ ಒತ್ತಡ ಅಳೆದ; ಎರಡರಲ್ಲಿ ಕಡಿಮೆ. ಅವೆರಡಕ್ಕೂ ಒಂದೊಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದಾಗ ಮುಳ್ಳು ಮೇಲೇರಿತು. ಎಣ್ಣೆ ಪಿಸ್ಟನ್ನಿನ ಸುತ್ತಣ ಸಂದನ್ನು ಅರೆಗಳಿಗೆ ಮುಚ್ಚುತ್ತದೆ, ವಾಲ್ವುಗಳ ಸೋರಿಕೆಯನ್ನು ಮುಚ್ಚಲಾರದು. ಆದ್ದರಿಂದ ಮುಳ್ಳು ಏರಿದರೆ ಸವೆದಿರುವುದು ರಿಂಗುಗಳೆಂದೇ ಅರ್ಥ. ನಾಡಿ ಹಿಡಿದು ವಾತಪಿತ್ತ ಹೇಳುವ ಪಂಡಿತರ ನೆನಪಾಯಿತು.

"ಇಂಜಿನ್ನು ಸತ್ತಿಲ್ಲ ಗೌಡ್ರೇ, ರಿಂಗು ಹಾಕುದ್ರೆ ಎದ್ದೇಳ್ತದೆ. ಆದ್ರೆ ಈಗ್ಲೇ ದುಡ್ಡು ಬಿಚ್ಚಬ್ಯಾಡಿ" ಎಂದವನೇ ಮೇಸ್ತ್ರಿ ನೆಲಕ್ಕೆ ಮಲಗಿ, ಬಾಗಿಲ ಕೆಳಗಿನ ತಗಡನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋದ. ಎಡಗಡೆ ಟಣ್ ಎಂದಿತು. ಬಲಗಡೆ ಸದ್ದು ಬೊದ್ದಾಯಿತು. ಮೊನೆಯಿಂದ ಒತ್ತಿದರೆ ಒಳಹೊಕ್ಕೇಬಿಟ್ಟಿತು. ಲಾರಿಗಿರುವಂತೆ ಅಂಬಾಸಿಡರಿಗೆ ಬೇರೆ ಚಾಸಿ ಇಲ್ಲ. ತಗಡಿನ ಮೈಯೇ ಭಾರ ಹೊರುವ ಎಲುಬು. ಇಂಜಿನ್ನನ್ನು ಬದಲಿಸಬಹುದು, ಎಲುಬೇ ತುಕ್ಕಾದರೆ ಮಾಡುವುದೇನು? ನಾಲೆಯ ಬಯಲಿನ ತೇವದಲ್ಲಿ, ಸೂರಿನ ನೀರು ಬೀಳುವ ಮಗ್ಗುಲಲ್ಲೇ ಮೂವತ್ತೈದು ಮಳೆಗಾಲ ನಿಂತ ಕಾರು ಅದು.

ಕೊಳೆತದ್ದನ್ನು ಮೊದಲು ಕತ್ತರಿಸುವುದು. ತುಕ್ಕು ನಡುಗಂಬದವರೆಗೆ ಹಬ್ಬಿದ್ದರೆ ಗುಜರಿಗೆ, ಇಲ್ಲವಾದರೆ ಬೆಸುಗೆ, ಆಮೇಲೆ ರಿಂಗು ಎಂದು ತೀರ್ಮಾನವಾಯಿತು. ಬಣ್ಣದ ಮಾತನ್ನು ಯಾರೂ ಎತ್ತಲಿಲ್ಲ.

ಮರುದಿನ ಕತ್ತರಿಸುವ ಕಲ್ಲು ಕಿಡಿ ಕಾರತೊಡಗಿದಾಗ ಚಿಕ್ಕವ್ವ ಜಗುಲಿಯ ಕಂಬ ಹಿಡಿದು ನಿಂತಿದ್ದರು. ಒಂದು ಗೇಣು ತಗಡು ಪುಡಿಪುಡಿಯಾಗಿ ಉದುರಿತು. ಇನ್ನೂ ನಾಲ್ಕು ಬೆರಳು. ಆಮೇಲೆ ಕಲ್ಲಿನ ಸದ್ದು ಬದಲಾಯಿತು. ಬಿಳಿಯ ಉಕ್ಕು ಮಿಂಚಿತು. ಮೇಸ್ತ್ರಿ ತಲೆಯೆತ್ತಿ ಚಿಕ್ಕಪ್ಪನವರ ಕಡೆ ನೋಡಿದ.

"ಬುಧವಾರಕ್ಕಾದ್ರೂ ಆಯ್ತದಾ?" ಎಂದು ಜಗುಲಿಯಿಂದಲೇ ಚಿಕ್ಕವ್ವ ಕೇಳಿದರು.