ಒಬ್ಬರ ಮುದ್ದೆ ಏಕೆ ಗಂಟಾಗುತ್ತದೆ?

ಪ್ರಶ್ನೆ: ಆರು ಜನಕ್ಕೆ ಮಾಡುವಾಗ ನುಣ್ಣಗೆ ಬರುತ್ತಿದ್ದ ಮುದ್ದೆ, ಈಗ ನನ್ನೊಬ್ಬಳಿಗೆ ಮಾಡಿದರೆ ಗಂಟು ಗಂಟು. ಏಕೆ?
– ಓದುಗರು, ಕಂಬದೂರು

ಉತ್ತರ: ತಪ್ಪು ಕೈಯದಲ್ಲ ತಾಯಿ, ಪಾತ್ರೆಯದು. ಅಗಲ ಪಾತ್ರೆಯಲ್ಲಿ ಒಂದು ಲೋಟ ನೀರು ಬೇಗ ಆವಿಯಾಗುತ್ತದೆ. ಉಳಿದಷ್ಟಕ್ಕೆ ಹಿಟ್ಟು ಬಿದ್ದೊಡನೆ ಕುದಿ ನಿಲ್ಲುತ್ತದೆ. ಉಂಡೆಯ ಹೊರಮೈ ಮಾತ್ರ ಬೆಂದು, ಒಳಕ್ಕೆ ನೀರಿಳಿಯದಂತೆ ತಡೆಯುತ್ತದೆ. ಅದೇ ಗಂಟು.

ಕಿರಿದಾದ, ದಪ್ಪ ತಳದ ಪಾತ್ರೆ ಹಿಡಿಯಿರಿ. ಅರ್ಧ ಲೋಟ ಹಿಟ್ಟಿಗೆ ಒಂದು ಲೋಟಕ್ಕಿಂತ ತುಸು ಹೆಚ್ಚು ನೀರು. ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಮೊದಲೇ ಕುದಿಸಿ. ನಿಮ್ಮ ಸೀಮೆಯ ನುಚ್ಚಕ್ಕಿ ಸಂಗಟಿಯಾದರೆ ಇನ್ನೂ ಸುಲಭ, ಬೆಂದ ನುಚ್ಚು ಬಿಸಿ ಹಿಡಿದಿಡುತ್ತದೆ. ಜೊತೆಗೆ ಕಡಲೆಕಾಯಿ ಚಟ್ನಿಯೇ? ಒಂದು ಹಿಡಿ ಬೀಜ ಮಿಕ್ಸಿಯ ಗೋಡೆಗೆ ಅಂಟಿ ಕೂರುತ್ತದೆ, ಒರಳಲ್ಲೇ ಕುಟ್ಟಿ.